ಕೊಲಾಬಾದಲ್ಲಿ ರೂಮು ಮಾಡಿದ್ದೀರಿ, ಊಟಕ್ಕೆ ಎಲ್ಲಿಗೆ?

ಅಣ್ಣ, ನಿಮ್ಮ ಪ್ರಶ್ನೆಯ ಕೆಳಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ದಾರೆ. ಅದರಲ್ಲಿ ಅರ್ಧ ದೂರದ ಬಾಂದ್ರಾದಲ್ಲಿವೆ. ಒಂದಂತೂ ಪುಣೆಯದ್ದು! ಹೆಸರಿನ ಪಟ್ಟಿ ಸಿಕ್ಕರೆ ಸಾಲಲ್ಲ, ಆರಿಸುವುದು ಹೇಗೆ ಅನ್ನೋದೇ ತಲೆನೋವು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನೀವು ಹೇಳಿದ್ದು ಇಷ್ಟು. ಜುಲೈ ಎರಡನೇ ವಾರ ಮೂರು ರಾತ್ರಿ ಮುಂಬೈ. ಶುಕ್ರವಾರ ಬಂದು ಸೋಮವಾರ ಬೆಳಿಗ್ಗೆ ವಾಪಸ್. ರೂಮು ಕೊಲಾಬಾದಲ್ಲಿ, ತಾಜ್ ಹೋಟೆಲಿನ ಹಿಂದಿನ ರಸ್ತೆಯಲ್ಲಿ. ಶನಿವಾರಕ್ಕೆ ಮದುವೆಯಾಗಿ 25 ವರ್ಷ. ನಿಮಗೆ ಮೀನು ಬೇಕು. ಅತ್ತಿಗೆ ಸಸ್ಯಾಹಾರಿ, ಸಪ್ಪೆ ಊಟ ಅವರಿಗೆ ಆಗಲ್ಲ. ಒಂದು ದೊಡ್ಡ ಊಟಕ್ಕೆ ಇಬ್ಬರಿಗೂ ಸೇರಿ 8,000 ರೂಪಾಯಿ ತನಕ ಅಡ್ಡಿಯಿಲ್ಲ. ಹೋಟೆಲಿಗೆ ಹತ್ತಿರ ಇರಬೇಕು.

ನಾನು ಕೊಲಾಬಾಕ್ಕೆ ತಾಗಿದ ಫೋರ್ಟ್ ಬಡಾವಣೆಯಲ್ಲಿ ಹನ್ನೊಂದು ವರ್ಷ ಬ್ಯಾಂಕ್ ಕೆಲಸ ಮಾಡಿದವನು. ಊರು ಕುಂದಾಪುರದ ಕಡೆ. ಈ ಎರಡು ಮೈಲಿ ಜಾಗದಲ್ಲಿ ನನ್ನ ಸಂಬಳದ ಒಂದು ಪಾಲು ಹೊಟ್ಟೆಗೇ ಹೋಗಿದೆ.

ಮೊದಲು "ಹತ್ತಿರ" ಅನ್ನೋದನ್ನು ನೋಡೋಣ. ಮೊಬೈಲ್ ಮ್ಯಾಪಲ್ಲಿ ಹುಡುಕಿದರೆ ಬಲ್ಲಾರ್ಡ್ ಎಸ್ಟೇಟ್ ಅನ್ನೋ ಬಡಾವಣೆ ನಿಮ್ಮ ರೂಮಿನ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ. ಆದರೆ ನಡುವೆ ಸಮುದ್ರದಂಚಿನ ಉದ್ದಕ್ಕೂ ನೌಕಾಪಡೆಯ ಡಾಕ್‌ಯಾರ್ಡ್ ಇದೆ. ಅದರೊಳಗೆ ನಮಗೆ ದಾರಿ ಇಲ್ಲ, ಗೋಡೆಯ ಹೊರಗಿಂದ ಸುತ್ತಿ ಹೋಗಬೇಕು. ಆಟೋ ಹತ್ತೋಣ ಅಂದರೆ ದಕ್ಷಿಣ ಮುಂಬೈಯಲ್ಲಿ ಆಟೋನೇ ಇಲ್ಲ. ಕಪ್ಪು-ಹಳದಿ ಟ್ಯಾಕ್ಸಿಯವರು ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಸಣ್ಣ ಬಾಡಿಗೆಗೆ ಮುಖ ತಿರುಗಿಸುತ್ತಾರೆ. ಅದರ ಮೇಲೆ ಜುಲೈ ಮಳೆ. ರೇಷ್ಮೆ ಸೀರೆ ಉಟ್ಟುಕೊಂಡು ಅತ್ತಿಗೆ ಎಷ್ಟು ದೂರ ಛತ್ರಿ ಹಿಡಿದು ನಡೆಯಬಹುದು, ಅಷ್ಟೇ ನಿಮಗೆ "ಹತ್ತಿರ". ನನ್ನ ಲೆಕ್ಕದಲ್ಲಿ ರೂಮಿನಿಂದ ಕಾಲಾ ಘೋಡಾ ಅನ್ನೋ ಜಾಗದ ತನಕ, ಸುಮಾರು ಒಂದು ಕಿಲೋಮೀಟರ್. ಫೋರ್ಟ್‌ನ ಒಳಗಿನ ಜಾಗಗಳಿಗೆ ಹಗಲಲ್ಲಿ ಹೋಗಿ. ಅಲ್ಲಿ ದಾದಾಭಾಯಿ ನವರೋಜಿ ರಸ್ತೆಯ ಹಳೇ ಕಟ್ಟಡಗಳ ಕೆಳಗೆ ಕಮಾನಿನ ಹಾದಿ ಇದೆ. ಎಂಥಾ ಮಳೆಯಲ್ಲೂ ತಲೆ ನೆನೆಯದ ಹಾಗೆ ಸುಮಾರು ದೂರ ನಡೆಯಬಹುದು.

ಈಗ ಎಲ್ಲರೂ "ತಾಜ್ ಪಕ್ಕದಲ್ಲೇ ಇದೆ, ಅಲ್ಲೇ ಹೋಗಿ" ಅಂದಿದ್ದಾರೆ. 1903ರಲ್ಲಿ ಶುರುವಾದ ಹೋಟೆಲು, ಒಳಗೆ ಒಮ್ಮೆ ಕಾಲಿಡಬೇಕು, ಒಪ್ಪಿದೆ. ಆದರೆ ಒಂದು ಲೆಕ್ಕ ಕೇಳಿ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದ ಹೋಟೆಲಿನೊಳಗೆ ಊಟ ಮಾಡಿದರೆ ಬಿಲ್ಲಿನ ಮೇಲೆ ಜಿಎಸ್‌ಟಿ ಶೇ. 18. ಅದೇ ಊಟ ರಸ್ತೆಯಾಚೆ ಸ್ವತಂತ್ರ ರೆಸ್ಟೋರೆಂಟಿನಲ್ಲಿ ಮಾಡಿದರೆ ಶೇ. 5. ಮೆನುವಿನಲ್ಲಿ 6,500 ರೂಪಾಯಿಯ ಊಟ ಅಂತಿಟ್ಟುಕೊಳ್ಳಿ. ಹೊರಗೆ ಅದು 6,825 ಆಗುತ್ತದೆ, ಒಳಗೆ 7,670. ಬರೀ ತೆರಿಗೆಯಲ್ಲೇ 845 ರೂಪಾಯಿ ವ್ಯತ್ಯಾಸ. ಮೆನು ದರವೂ ಅಲ್ಲಿ ಜಾಸ್ತಿಯೇ. ತಾಜ್‌ನ ಗೋಲ್ಡನ್ ಡ್ರ್ಯಾಗನ್ 1973ರಿಂದ ಇರುವ ಚೀನೀ ರೆಸ್ಟೋರೆಂಟು, ವಾಸಾಬಿ ಜಪಾನೀ ಊಟದ್ದು. ಎರಡೂ ಹೆಸರುವಾಸಿ. ಆದರೆ ಹಸಿ ಮೀನಿನ ಸುಶಿಯನ್ನು ಅತ್ತಿಗೆಯ ಎದುರು ಇಟ್ಟು 25ನೇ ವರ್ಷ ಆಚರಿಸೋದು ಧೈರ್ಯದ ಕೆಲಸ.

ನಿಮಗೆ ತಾಜ್‌ನಲ್ಲಿ ಬೇಕಾಗಿರುವುದು ಆ ಕಟ್ಟಡ, ಆ ಕಿಟಕಿ, ಆ ಸಮುದ್ರ. ಅದಕ್ಕೆ ರಾತ್ರಿ ಊಟವೇ ಆಗಬೇಕೆಂದಿಲ್ಲ. ಒಳಗೆ ಸೀ ಲೌಂಜ್ ಅಂತ ಇದೆ, ಸಂಜೆ ಚಹಾ-ತಿಂಡಿಗೆ ಹೆಸರಾದದ್ದು. ಕಿಟಕಿ ಪಕ್ಕ ಕೂತರೆ ಗೇಟ್‌ವೇ, ದೋಣಿಗಳು, ಮಳೆ ಎಲ್ಲ ಕಣ್ಣೆದುರು. ಹೈ ಟೀ ಅಂತ ಪೂರ್ತಿ ಬಫೆ ತಗೊಂಡರೆ ಅದೂ ದುಬಾರಿನೇ, ಒಂದೊಂದು ಚಹಾ, ಏನಾದರೊಂದು ತಿಂಡಿ ಹೇಳಿ ಸುಮ್ನೆ ಕೂತರೂ ಆಗುತ್ತದೆ. ಕಿಟಕಿಯ ಟೇಬಲ್ ಬೇಕೆಂದು ಮೊದಲೇ ಫೋನಲ್ಲಿ ಕೇಳಿ. ಚಡ್ಡಿ, ರಬ್ಬರ್ ಚಪ್ಪಲಿ ಬೇಡ.

ಇನ್ನು ಮೀನು. ಇದು ನನ್ನ ವಿಷಯ, ಸ್ವಲ್ಪ ಜಾಸ್ತಿ ಮಾತಾಡ್ತೀನಿ.

ಫೋರ್ಟ್‌ನ ಹೆಸರಾಂತ ಮೀನಿನ ಹೋಟೆಲುಗಳಲ್ಲಿ ನಮ್ಮ ಕರಾವಳಿಯವರ ಕೈ ದೊಡ್ಡದು. ಮಹೇಶ್ ಲಂಚ್ ಹೋಮ್ ಫ್ಲೋರಾ ಫೌಂಟನ್ ಹತ್ತಿರದ ಓಣಿಯಲ್ಲಿದೆ. ಅಪೂರ್ವ ಹಾರ್ನಿಮನ್ ಸರ್ಕಲ್ ಹತ್ತಿರ. ತೃಷ್ಣಾ ಕಾಲಾ ಘೋಡಾದಲ್ಲಿ. "ಲಂಚ್ ಹೋಮ್" ಅನ್ನೋ ಹೆಸರೇ ಹೇಳುವಂತೆ ಆಫೀಸಿನವರ ಮಧ್ಯಾಹ್ನದ ಊಟದ ಜಾಗಗಳು ಇವು, ಆಮೇಲೆ ಏಸಿ ಬಂತು, ಸಿನಿಮಾದವರು ಬಂದರು, ದರವೂ ಏರಿತು. ತೃಷ್ಣಾದ ಬೆಣ್ಣೆ-ಬೆಳ್ಳುಳ್ಳಿ ಏಡಿಗೆ ವಿದೇಶದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ನನ್ನನ್ನು ಕೇಳಿದರೆ ಏಡಿಗೆ ತೃಷ್ಣಾ. ಗಸಿ ಅಂದರೆ ನಮ್ಮ ಕಡೆಯ ತೆಂಗಿನಕಾಯಿ ಮಸಾಲೆಯ ಗಟ್ಟಿ ಸಾರು, ಅದಕ್ಕೂ ನೀರುದೋಸೆಗೂ ಅಪೂರ್ವ. ಒಳಗೆ ಅಷ್ಟೇನೂ ಚಂದ ಇಲ್ಲ, ದೀಪ ಮಂಕು. ಆದರೆ ಆ ಗಸಿ ಬಾಯಿಗಿಟ್ಟ ಮೇಲೆ ದೀಪ ಯಾರಿಗೆ ಬೇಕು.

ಮೆನುವಿನಲ್ಲಿ ಹೆಸರುಗಳು ಮುಂಬೈಯವು. ಸುರ್ಮಯಿ ಅಂದರೆ ನಮ್ಮ ಅಂಜಲ್. ಪಾಪ್ಲೆಟ್ ಅಂದರೆ ಮಾಂಜಿ. ಬಾಂಗ್ಡಾ ಬಂಗುಡೆ. ತಿಸ್ರ್ಯಾ ಅಂದರೆ ಮರುವಾಯಿ. ಲೇಡಿಫಿಶ್ ಅಂತಿದ್ದರೆ ಅದೇ ಕಾಣೆ, ರವಾ ಫ್ರೈ ಹೇಳಿ, ಯೋಚನೆ ಮಾಡಬೇಡಿ. ಬಡಿಸುವವರ ಹತ್ತಿರ ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತು ಆಡಿ ನೋಡಿ. ಅದೃಷ್ಟ ಇದ್ದರೆ ಇವತ್ತು ಏನು ತಾಜಾ ಬಂದಿದೆ ಅಂತ ಅವರೇ ಕಿವಿಯಲ್ಲಿ ಹೇಳುತ್ತಾರೆ.

ಅದು ಜುಲೈಯಲ್ಲಿ ತುಂಬ ಮುಖ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ನೀವು ಹೋಗುವುದು ಸರಿಯಾಗಿ ಅದರ ನಡುವೆ. ದೊಡ್ಡ ಅಂಜಲ್, ಮಾಂಜಿ ಮೆನುವಿನಲ್ಲಿ ಇರುತ್ತವೆ, ಆದರೆ ಐಸಿನಲ್ಲಿ ಎಷ್ಟು ದಿನ ಇದ್ದದ್ದೋ. ಹಾಗಾಗಿ ಈ ಸಲ ದುಬಾರಿ ಮಾಂಜಿಗೆ ದುಡ್ಡು ಸುರಿಯಬೇಡಿ. ಕಲ್ಲೇಡಿ ಹಿನ್ನೀರು, ಅಳಿವೆಯದ್ದು, ಜೀವಂತವೇ ಬರುತ್ತದೆ, ಅದಕ್ಕೆ ಈ ನಿಷೇಧದ ಬಿಸಿ ಅಷ್ಟಿಲ್ಲ. "ಫ್ರೆಶ್ಶಾ, ಫ್ರೋಜನ್ನಾ?" ಅಂತ ನೇರವಾಗಿ ಕೇಳಿ. ಒಳ್ಳೆಯ ಜಾಗದಲ್ಲಿ ನಿಜ ಹೇಳುತ್ತಾರೆ.

ಏಡಿ, ಸಿಗಡಿ, ಇಡೀ ಮೀನಿನ ಮುಂದೆ ಮೆನುವಿನಲ್ಲಿ ದರ ಇರಲ್ಲ, ಗಾತ್ರಕ್ಕೆ ತಕ್ಕ ಬೆಲೆ ಅಂತಿರುತ್ತದೆ. ಇಲ್ಲಿ ನಾನು ಒಮ್ಮೆ ಸುಟ್ಟುಕೊಂಡಿದ್ದೇನೆ. ಜಾಗದ ಹೆಸರು ಬೇಡ. ತಮ್ಮ ಬಂದಿದ್ದ, ಅವನೆದುರು ಕಮ್ಮಿಯಾಗಬಾರದು ಅಂತ "ದೊಡ್ಡದೇ ತನ್ನಿ" ಅಂದುಬಿಟ್ಟೆ. ಏಡಿ ತಟ್ಟೆ ತುಂಬ ಬಂತು. ಬಿಲ್ಲು ಬಂದಾಗ ಆ ತಿಂಗಳ ಲೋಕಲ್ ರೈಲಿನ ಪಾಸು, ಕರೆಂಟು, ಎರಡೂ ಅದರೊಳಗಿತ್ತು. ತಪ್ಪು ಅವರದ್ದಲ್ಲ, ನಾನು ಕೇಳಲೇ ಇಲ್ಲ. ಒಲೆಗೆ ಹಾಕುವ ಮುಂಚೆ ಏಡಿ ತಂದು ತೋರಿಸುತ್ತಾರೆ. ಆಗಲೇ "ಇದಕ್ಕೆ ಎಷ್ಟು?" ಅಂತ ಕೇಳಿಬಿಡಿ. ಅದರಲ್ಲಿ ನಾಚಿಕೆ ಏನಿಲ್ಲ, ಸೂಟು ಹಾಕಿದವರೂ ಕೇಳುತ್ತಾರೆ.

ಆದರೆ ಅಣ್ಣ, ಈ ಮೀನಿನ ಹೋಟೆಲಿಗೆ ಶನಿವಾರ ರಾತ್ರಿ ಹೋಗಬೇಡಿ. ನೀವು ಏಡಿ ಕಾಲು ಒಡೆಯುತ್ತಾ ಕೂತರೆ ಅತ್ತಿಗೆ ಪನೀರು ಚುಚ್ಚುತ್ತಾ ಕೂತಿರುತ್ತಾರೆ. ಶುಕ್ರವಾರ ಮಧ್ಯಾಹ್ನ ತಲುಪಿದ ಕೂಡಲೇ ಫೋರ್ಟ್‌ಗೆ ಹೋಗಿ ನಿಮ್ಮ ಆಸೆ ತೀರಿಸಿಕೊಳ್ಳಿ. ಮರುದಿನ ಮಧ್ಯಾಹ್ನ ಅವರ ಪಾಳಿ: ಕಾಲಾ ಘೋಡಾದ ಚೇತನಾ. ಗುಜರಾತಿ, ರಾಜಸ್ಥಾನಿ, ಮರಾಠಿ ಥಾಲಿ. ಬೇಡ ಅನ್ನುವವರೆಗೂ ಬಡಿಸುತ್ತಾರೆ. ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ, ಊಟ ಇಳಿಸಲು ಒಂದು ಸುತ್ತು ಹಾಕಿ. 1952ರಲ್ಲಿ ಆದ ಈ ಗ್ಯಾಲರಿಗೆ ಒತ್ತಾಸೆಯಾದವರಲ್ಲಿ ನಮ್ಮ ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರೂ ಒಬ್ಬರು. ಊಟದ ಮಾತಲ್ಲ, ಆದರೂ ಹೇಳಬೇಕು ಅನ್ನಿಸಿತು.

ಶನಿವಾರ ರಾತ್ರಿಗೆ ನನ್ನ ಓಟು ಖೈಬರ್‌ಗೆ. 1958ರಿಂದ ಇದೆ, ಕಾಲಾ ಘೋಡಾದಲ್ಲೇ, ಗ್ಯಾಲರಿ ಹತ್ತಿರ. ವಾಯವ್ಯ ಗಡಿ ಕಡೆಯ ಅಡುಗೆ, ತಂದೂರು, ಕಬಾಬು. ಗೋಡೆ ಮೇಲೆ ಎಂ.ಎಫ್. ಹುಸೇನ್, ಅಂಜೋಲಿ ಇಳಾ ಮೆನನ್ ಅವರ ಕೈಯ ಚಿತ್ರಗಳಿವೆ. ಸಸ್ಯಾಹಾರಕ್ಕೆ ಬರೀ ಒಂದು ಮೂಲೆ ಕೊಟ್ಟ ಮೆನು ಅಲ್ಲ. ಕಪ್ಪು ದಾಲ್, ರೊಟ್ಟಿ, ತಂದೂರಿ ತರಕಾರಿ, ಮಸಾಲೆ ಗಟ್ಟಿ. ಅತ್ತಿಗೆಗೆ ಸಪ್ಪೆ ಅನ್ನಿಸಲ್ಲ, ನಿಮಗೂ ತಂದೂರಿ ಮೀನು ಸಿಗುತ್ತದೆ. ಬೆಳಕು, ಕೂರುವ ಜಾಗ, ಬಡಿಸುವ ರೀತಿ ಎಲ್ಲ ಹಬ್ಬದ ದಿನಕ್ಕೆ ಒಪ್ಪುವ ಹಾಗಿದೆ.

ಹೊಸ ತರಹದ್ದು ಬೇಕೆಂದರೆ ರೂಮಿಗೆ ತೀರಾ ಹತ್ತಿರ ದಿ ಟೇಬಲ್ ಇದೆ, ಧನರಾಜ್ ಮಹಲ್ ಕಟ್ಟಡದ ಎದುರು, 2011ರಿಂದ. ಆಲಿಬಾಗ್‌ನಲ್ಲಿ ಅವರದೇ ತೋಟವಿದೆ, ಸೊಪ್ಪು-ತರಕಾರಿ ಅಲ್ಲಿಂದ ಬರುತ್ತದೆ. ಚೆನ್ನಾಗಿದೆ, ನನಗೂ ಇಷ್ಟ. ಆದರೆ ವಿದೇಶಿ ಶೈಲಿಯ ಸಣ್ಣ ತಟ್ಟೆಗಳು. ಅತ್ತಿಗೆ ರೂಮಿಗೆ ಬಂದು ಬ್ಯಾಗಿನಿಂದ ಚಕ್ಕುಲಿ ತೆಗೆದರೆ ನನ್ನನ್ನು ಬೈಯಬೇಡಿ. ಹೊಸ ತರಹದ್ದು ತಿನ್ನುವವರಿಗೆ ಫೋರ್ಟ್‌ನ ಏಕಾ ಕೂಡ ಒಳ್ಳೆಯದು, ಕಿತಾಬ್ ಮಹಲ್ ಕಟ್ಟಡದಲ್ಲಿ.

ಯಾರೋ ಮಾಸ್ಕ್ ಅಂತ ಬರೆದಿದ್ದಾರೆ. ಮುಖಗವಸು ಅಲ್ಲ, ರೆಸ್ಟೋರೆಂಟ್ ಹೆಸರು. ಏಷ್ಯಾದ 50 ಉತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ 2023ರಲ್ಲಿ 16ನೇ ಸ್ಥಾನ ಪಡೆದು ಭಾರತದಲ್ಲೇ ಮೊದಲಾಗಿತ್ತು. ನಿಜಕ್ಕೂ ದೊಡ್ಡ ಹೆಸರು. ಆದರೆ ಅಲ್ಲಿ ಅವರು ಕೊಟ್ಟಿದ್ದನ್ನು ಒಂದಾದ ಮೇಲೊಂದು ತಿನ್ನಬೇಕು, ಮೆನು ನೋಡಿ ಆರಿಸುವಂತಿಲ್ಲ, ಇಬ್ಬರಿಗೆ ನಿಮ್ಮ 8,000 ದಾಟಿಯೇ ದಾಟುತ್ತದೆ. ಜಾಗ ಮಹಾಲಕ್ಷ್ಮಿಯ ಮಿಲ್ ಆವರಣ. ಭೂಗತ ಮೆಟ್ರೋ 2025ರ ಅಕ್ಟೋಬರ್‌ನಿಂದ ಕಫ್ ಪರೇಡ್ ತನಕ ಬಂದಿರುವುದರಿಂದ ಫೋರ್ಟ್‌ನ ಹುತಾತ್ಮಾ ಚೌಕದಲ್ಲಿ ಹತ್ತಿ ಮಹಾಲಕ್ಷ್ಮಿಯಲ್ಲಿ ಇಳಿಯಬಹುದು. ಹೋಗುವುದು ಸುಲಭ. ಊಟ ಮುಗಿಯುವಾಗ ಕೊನೆಯ ರೈಲು ಹೋಗಿರಬಹುದು, ಆ ಹೊತ್ತಿಗೆ ಜೋರು ಮಳೆ, ಸಮುದ್ರದ ಉಬ್ಬರ ಎರಡೂ ಕೂಡಿದರೆ ಟ್ಯಾಕ್ಸಿಗೆ ಪರದಾಡಬೇಕು. ಈ ಸಲ ಬೇಡ ಬಿಡಿ.

ಟೇಬಲ್ ಕಾದಿರಿಸಲು ಆ್ಯಪ್‌ಗಿಂತ ಫೋನೇ ಒಳ್ಳೆಯದು. ಸಂಜೆ ನಾಲ್ಕರಿಂದ ಆರರ ನಡುವೆ ಮಾಡಿ, ಆಗ ಅವರಿಗೂ ಪುರುಸೊತ್ತು. ಶನಿವಾರ ಕೆಲವು ಕಡೆ ಎರಡು ಸರದಿ ಮಾಡುತ್ತಾರೆ, ಏಳಕ್ಕೆ ಒಂದು, ಒಂಬತ್ತರ ಮೇಲೆ ಇನ್ನೊಂದು. ಮೊದಲ ಸರದಿಯವರನ್ನು ಹೊತ್ತಾಯ್ತು ಅಂತ ಎಬ್ಬಿಸುವುದೂ ಉಂಟು. "ನಮ್ಮನ್ನು ಎಷ್ಟು ಗಂಟೆ ತನಕ ಕೂರಲು ಬಿಡ್ತೀರಿ?" ಅಂತ ಮೊದಲೇ ಕೇಳಿ. ಬೆಳ್ಳಿ ಹಬ್ಬ ಅಂತಲೂ ಹೇಳಿ, ಅಡುಗೆಮನೆ ಬಾಗಿಲ ಪಕ್ಕ ಕೂರಿಸಲ್ಲ. ಆ್ಯಪ್‌ನಲ್ಲಿ "ಇಬ್ಬರಿಗೆ ಇಷ್ಟು" ಅಂತ ತೋರಿಸುವ ಮೊತ್ತವನ್ನು ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ತೆರಿಗೆ, ಕುಡಿಯುವುದು ಅದರೊಳಗಿರಲ್ಲ.

ಬಿಲ್ಲು ಬಂದಾಗ ಕೆಳಗಿನ ಸಾಲು ಓದಿ. ಸರ್ವಿಸ್ ಚಾರ್ಜ್ ಅಂತ ಶೇ. 10 ಸೇರಿಸಿದ್ದರೆ ತೆಗೆಯಲು ಹೇಳಬಹುದು. ತಾವಾಗಿಯೇ ಸೇರಿಸುವಂತಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು. ನಾನೊಮ್ಮೆ ಅದನ್ನು ನೋಡದೆ ಕಟ್ಟಿ, ಮೇಲೆ ಟಿಪ್ಸೂ ಇಟ್ಟು, "ಥ್ಯಾಂಕ್ಯೂ ಸರ್" ಅಂತ ದೊಡ್ಡ ಸಲಾಮು ಹೊಡೆಸಿಕೊಂಡು ಬಂದಿದ್ದೆ. ತೆಗೆಸಿದರೆ ಬಡಿಸಿದ ಹುಡುಗನ ಕೈಗೆ ನಿಮಗೆ ತೋಚಿದಷ್ಟು ಕೊಡಿ. ನೀರು ಕೇಳಲು ಬಂದಾಗ "ರೆಗ್ಯುಲರ್ ವಾಟರ್" ಅನ್ನಿ. ಇಲ್ಲದಿದ್ದರೆ ಗಾಜಿನ ಬಾಟಲಿ ತೆರೆದು ಎದುರಿಗಿಡುತ್ತಾರೆ, ಅದಕ್ಕೂ ಕಾಸು.

ಭಾನುವಾರ ಫೋರ್ಟ್ ಖಾಲಿ ಹೊಡೆಯುತ್ತದೆ, ಆಫೀಸುಗಳ ಜಾಗ ಅಲ್ವಾ. ಅವತ್ತು ಎಲ್ಲೇ ಹೋಗುವುದಿದ್ದರೂ ತೆರೆದಿದೆಯಾ ಅಂತ ಫೋನ್ ಮಾಡಿ ಕೇಳಿಯೇ ಹೊರಡಿ. ಸೀ ಲೌಂಜ್ ಭಾನುವಾರ ಸಂಜೆಗೆ ಇಟ್ಟುಕೊಳ್ಳಿ, ಹೊಟ್ಟೆ ತುಂಬಿದ್ದರೆ ರಾತ್ರಿ ರೂಮಲ್ಲಿ ಬಾಳೆಹಣ್ಣು ಸಾಕು.

ಶುಕ್ರವಾರ ನಿಮ್ಮ ರೈಲೋ ವಿಮಾನವೋ ಎಷ್ಟು ಗಂಟೆಗೆ ಮುಟ್ಟುತ್ತದೆ ಅಂತ ಇಲ್ಲೇ ಬರೆಯಿರಿ ಅಣ್ಣ. ಮೂರರ ಮೇಲಾದರೆ ಮಧ್ಯಾಹ್ನದ ಅಡುಗೆಮನೆ ಮುಚ್ಚಿಬಿಡುತ್ತಾರೆ. ಆಗ ಏಡಿಯನ್ನು ರಾತ್ರಿಗೆ ತಳ್ಳಬೇಕಾಗುತ್ತದೆ. ಅತ್ತಿಗೆಗೆ ಅಲ್ಲೇ ನೀರುದೋಸೆ, ತರಕಾರಿ ಗಸಿ ಮಾಡಿಕೊಡ್ತಾರಾ ಅಂತ ನಾನೇ ಫೋನ್ ಮಾಡಿ ವಿಚಾರಿಸಿ ಹೇಳುತ್ತೇನೆ.