ಹಾಡಂದ್ರ ಇಲೆಕ್ಷನ್ ಏನ್ರೀ?

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಗಾಯಕಿ ಸ್ಯಾಂಡಿ ಡೆನ್ನಿ ಮತ್ತು ಆಕೆಯ ‘ಹೂ ನೋಸ್ ವೇರ್ ದ ಟೈಮ್ ಗೋಸ್’ ಹಾಡಿನ ಕುರಿತು ಬಂದ ಲೇಖನ ಓದಿ ಧಾರವಾಡದ ಹಿರಿಯರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಅದರ ಸಾರ ಇಷ್ಟು:

‘ಬಿಬಿಸಿ ಕೇಳುಗರು ಆರಿಸಿದ ಶ್ರೇಷ್ಠ ಜನಪದ ಗೀತೆ ಅಂತ ದಪ್ಪ ಅಕ್ಷರದಾಗ ಹಾಕೀರಿ. ಹಾಡಂದ್ರ ಗ್ರಾಮ ಪಂಚಾಯ್ತಿ ಇಲೆಕ್ಷನ್ ಏನ್ರೀ, ಹೆಚ್ಚು ಮತ ಬಿದ್ದದ್ದು ಗೆಲ್ಲಾಕ? ಬರದಾಕಿ ಹೆಸರು ಗೊತ್ತಿದ್ದ ಮ್ಯಾಲೆ ಅದು ಜನಪದ ಹೆಂಗಾತು? ಸಣ್ಣ ವಯಸ್ಸಿನಾಗ ಹೋದಾಕಿ ಅಂತ ಅನುಕಂಪಕ್ಕ ಬಿದ್ದ ಮತ ಇದ್ದೀತು. ಮೊಮ್ಮಗನ ಮೊಬೈಲಿನಾಗ ಆಕಿ ಏಳೆಂಟು ಹಾಡು ಕೇಳಿದೆ. ನನಗ ಆ ಸೆರಿಯೊಳಗಿನ ರಾಣಿ ಹಾಡು, “ಫಾದರಿಂಗೇ” ಹಿಡಿಸ್ತು. ಅದರ ಸುದ್ದೀನ ಇಲ್ಲಲ್ಲ? ಮತ್ತ ನೀವು ಅಚ್ಚು ಹಾಕಿದ ಆಲ್ಬಂ ಚಿತ್ರದಾಗ ನಿಂತ ಹಿರೀ ಜೋಡಿ ಯಾರು?’

ಮಾನ್ಯರೆ,

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. 2007ರಲ್ಲಿ ಬಿಬಿಸಿ ರೇಡಿಯೋ 2ರ ಕೇಳುಗರು ಆರಿಸಿದ್ದು ತಮ್ಮ ‘ಮೆಚ್ಚಿನ’ ಹಾಡನ್ನು. ಲೇಖಕರ ಹಸ್ತಪ್ರತಿಯಲ್ಲೂ ಹಾಗೆಯೇ ಇತ್ತು. ಪುಟ ಕಟ್ಟುವ ರಾತ್ರಿ ತಲೆಬರಹಕ್ಕೆ ತೂಕ ಸಾಲದೆನಿಸಿ ಅದನ್ನು ‘ಶ್ರೇಷ್ಠ’ ಮಾಡಿದವನು ನಾನು. ಮೆಚ್ಚಿನದು ಯಾವುದೆಂದು ಹೇಳಲು ನನಗೂ ನಿಮಗೂ ನಿಮ್ಮ ಮೊಮ್ಮಗನಿಗೂ ಸಮಾನ ಹಕ್ಕಿದೆ. ಶ್ರೇಷ್ಠ ಯಾವುದೆಂದು ಹೇಳಹೊರಟರೆ ನಿಮ್ಮಂಥವರು ಪೆನ್ನು ಹಿಡಿಯುತ್ತಾರೆ, ಹಿಡಿಯಲೇಬೇಕು.

ಆದರೆ ಹಾಡಿಗೆ ಮತ ಹಾಕುವುದೇ ಹುಚ್ಚಾಟ ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ನಿಮ್ಮ ಪತ್ರ ಬಂದ ದಿನ ಕಚೇರಿಯಲ್ಲಿ ಒಂದು ಆಟ ಆಡಿದೆವು. ಷರೀಫರ ಪದಗಳಲ್ಲಿ ಒಂದನ್ನು, ಒಂದನ್ನೇ, ಚೀಟಿಯಲ್ಲಿ ಬರೆಯಿರಿ ಎಂದೆ. ಏಳು ಜನರಿಂದ ಐದು ಹಾಡು ಬಂದವು: ತಂಬೂರಿ, ಗುಡಿಗುಡಿ, ಕೋಡಗನ ಕೋಳಿ, ಮುದುಕಿ, ಮಾಳಿಗೆ. ಕೋಳಿಗೆ ಮೂರು ಚೀಟಿ, ಅದೇ ಗೆದ್ದಿತು. ಊಟವಾದ ಮೇಲೆ ಅದೇ ಏಳು ಜನಕ್ಕೆ ಮೂರು ಮೂರು ಹಾಡು ಬರೆಯಲು ಹೇಳಿದೆ. ಈಗ ‘ಸೋರುತಿಹುದು ಮನೆಯ ಮಾಳಿಗೆ’ ಆರು ಚೀಟಿಗಳಲ್ಲಿತ್ತು. ಒಬ್ಬರ ಬಿಟ್ಟರೆ ಯಾರ ಮೊದಲ ಆಯ್ಕೆಯೂ ಅಲ್ಲದ ಹಾಡು ಹೆಚ್ಚುಕಡಿಮೆ ಎಲ್ಲರ ಆಯ್ಕೆಯಾಯಿತು. ಹಾಡುಗಳೂ ಅವೇ, ಜನರೂ ಅವರೇ. ಬದಲಾದದ್ದು ನಾನು ಕೇಳಿದ ರೀತಿ.

ಮತ ಹಾಕುವವರು ಬದಲಾದರಂತೂ ಹೇಳುವುದೇ ಬೇಡ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2004ರಲ್ಲಿ ಸಂಗೀತಗಾರರನ್ನೂ ವಿಮರ್ಶಕರನ್ನೂ ಕೇಳಿ ಮಾಡಿದ ಐನೂರು ಹಾಡುಗಳ ಪಟ್ಟಿಯಲ್ಲಿ ಬಾಬ್ ಡಿಲನ್‌ನ ‘ಲೈಕ್ ಎ ರೋಲಿಂಗ್ ಸ್ಟೋನ್’ ಮೊದಲಿತ್ತು. 2021ರಲ್ಲಿ ಹೊಸಬರನ್ನೂ ಸೇರಿಸಿಕೊಂಡು ಮತ್ತೆ ಕೇಳಿದಾಗ ಅರೀತಾ ಫ್ರಾಂಕ್ಲಿನ್ ಹಾಡಿದ ‘ರೆಸ್ಪೆಕ್ಟ್’ ಮೇಲೆ ಬಂತು, ಡಿಲನ್ ನಾಲ್ಕಕ್ಕೆ ಇಳಿದ. ನಡುವಿನ ಹದಿನೇಳು ವರ್ಷಗಳಲ್ಲಿ ಡಿಲನ್‌ನ ಹಾಡಿನ ಒಂದು ಸ್ವರವೂ ಕೆಟ್ಟಿರಲಿಲ್ಲ. ಅದಕ್ಕೇ ಇಂಥ ಫಲಿತಾಂಶ ಬಂದಾಗಲೆಲ್ಲ ನಾನು ಹಾಡಿನ ಗುಣ ಅಳೆಯಲು ಹೋಗುವುದಿಲ್ಲ, ಅದು ಯಾರ ಕೈಯಿಂದ ಯಾರ ಕೈಗೆ ದಾಟಿ ಇಲ್ಲಿಗೆ ಬಂತು ಎಂದು ಹುಡುಕುತ್ತೇನೆ.

ಸ್ಯಾಂಡಿಯ ‘ಹೂ ನೋಸ್ ವೇರ್ ದ ಟೈಮ್ ಗೋಸ್’ ದಾಟಿದ ಕೈಗಳು ಕಡಿಮೆಯಲ್ಲ. ಹೊತ್ತು ಎಲ್ಲಿಗೆ ಹೋಗುತ್ತದೋ ಯಾರು ಬಲ್ಲರು ಎಂದು ಕೇಳುವ ಈ ಹಾಡನ್ನು ಆಕೆ ಬರೆದಾಗ ವಯಸ್ಸು ಇಪ್ಪತ್ತರ ಆಸುಪಾಸು. 1967ರಲ್ಲಿ ಸ್ಟ್ರಾಬ್ಸ್ ತಂಡದ ಜೊತೆ ಹಾಡಿ ಧ್ವನಿಮುದ್ರಿಸಿದರೂ ಆ ಆಲ್ಬಂ ಹೊರಬಂದದ್ದು 1973ರಲ್ಲಿ. ಅಷ್ಟರಲ್ಲಿ ಅಮೆರಿಕದ ಜೂಡಿ ಕಾಲಿನ್ಸ್ ಈ ಹಾಡನ್ನು ಎತ್ತಿಕೊಂಡು 1968ರ ತಮ್ಮ ಆಲ್ಬಂಗೆ ಅದರದೇ ಹೆಸರಿಟ್ಟಿದ್ದರು. ಫೇರ್‌ಪೋರ್ಟ್ ಕನ್ವೆನ್ಷನ್ ತಂಡದೊಂದಿಗೆ ಸ್ಯಾಂಡಿ ಹಾಡಿದ್ದು ಜನಕ್ಕೆ ಸಿಕ್ಕದ್ದು 1969ರ ಜುಲೈನಲ್ಲಿ, ‘ಅನ್‌ಹಾಫ್‌ಬ್ರಿಕಿಂಗ್’ ಆಲ್ಬಂನಲ್ಲಿ. ಬರೆದವಳಿಗಿಂತ ಮೊದಲು ಇನ್ನೊಬ್ಬಳ ಕೊರಳಿನಲ್ಲಿ ಹಾಡು ಹೆಸರಾಯಿತು. ಮುಂದಿನ ವರ್ಷ ನೀನಾ ಸಿಮೋನ್ ಕೂಡ ಅದನ್ನು ತಮ್ಮದು ಮಾಡಿಕೊಂಡರು. ಸಂಜೆಯಾಗುತ್ತಲೇ ಹೊರಟುಹೋಗುವ ಹಕ್ಕಿಗಳಿಂದ ಶುರುವಾಗುವ ಹಾಡು ಅದು. ಅದನ್ನು ಹಾಡಲು ಯಾವ ದೇಶದ ಚರಿತ್ರೆಯೂ ಗೊತ್ತಿರಬೇಕಿಲ್ಲ.

ನಿಮ್ಮ ರಾಣಿಗೆ ಇಲ್ಲಿಯೇ ಪೆಟ್ಟು ಬಿದ್ದಿದೆ. ‘ಫಾದರಿಂಗೇ’ 1969ರ ಆರಂಭದಲ್ಲಿ ಬಂದದ್ದು, ಫೇರ್‌ಪೋರ್ಟ್ ತಂಡಕ್ಕೆ ಸ್ಯಾಂಡಿ ಸೇರಿದ ಮೇಲಿನ ಮೊದಲ ಆಲ್ಬಂನ ಮೊಟ್ಟಮೊದಲ ಹಾಡು. 1587ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಕಡಿದದ್ದು ಆ ಹೆಸರಿನ ಕೋಟೆಯಲ್ಲಿ. ಹಾಡು ಅದರ ಹಿಂದಿನ ಹೊತ್ತನ್ನು, ಕಿಟಕಿಯ ಬಳಿ ಕಾದು ಕೂತ ಹೆಣ್ಣನ್ನು ತೋರಿಸುತ್ತದೆ. ರಾಣಿಯ ಹೆಸರನ್ನು ಮಾತ್ರ ಎಲ್ಲೂ ಎತ್ತುವುದಿಲ್ಲ. ಕೋಟೆಯ ಕಥೆ ಗೊತ್ತಿಲ್ಲದ ಕಿವಿಗೆ ಅರ್ಧ ಬಾಗಿಲಷ್ಟೇ ತೆರೆಯುತ್ತದೆ. ನೀವು ಕಥೆ ತಿಳಿದುಕೊಂಡು ಕೇಳಿದ್ದೀರಿ, ಹಿಡಿಸಿದೆ. ಇದನ್ನು ಹೊತ್ತು ತಿರುಗಲು ಒಬ್ಬ ಜೂಡಿ ಕಾಲಿನ್ಸ್ ಸಿಗಲಿಲ್ಲ, ಅಷ್ಟೇ. ಸ್ಯಾಂಡಿಗೆ ಅದರ ಮೇಲೆ ಪ್ರೀತಿ ಇತ್ತು ಎನ್ನಲು ಇನ್ನೊಂದು ಸಾಕ್ಷಿ ಬೇಡ. 1970ರಲ್ಲಿ ತನ್ನದೇ ತಂಡ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಫಾದರಿಂಗೇ.

ಇನ್ನು ಜನಪದದ ಮಾತು. ಇಂಗ್ಲಿಷಿನವರ ‘ಫೋಕ್’ ಮೊದಲು ನಮ್ಮ ಜನಪದದಂತೆಯೇ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿಸ್ ಚೈಲ್ಡ್ ಎಂಬ ವಿದ್ವಾಂಸ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ 305 ಲಾವಣಿಗಳನ್ನು ಒಟ್ಟು ಮಾಡಿದ. ಬರೆದವರ ಗುರುತಿಲ್ಲದ, ಬಾಯಿಂದ ಬಾಯಿಗೆ ಬಂದ ಹಾಡುಗಳು ಅವು. ಕಳೆದ ಶತಮಾನದಲ್ಲಿ ಗಿಟಾರ್ ಹಿಡಿದು ಸ್ವಂತ ಹಾಡು ಕಟ್ಟಿದವರೂ ಅದೇ ಸೂರಿನಡಿ ಬಂದು ಕೂತರು, ಹೆಸರು ಹಿಗ್ಗಿತು. ನಾವು ಅದನ್ನು ‘ಜನಪದ’ ಎಂದು ಕನ್ನಡಿಸಿದ್ದು ಸಡಿಲವಾಯಿತು, ನಿಜ. ಆದರೆ ಷರೀಫರೂ ಪ್ರತಿ ಪದದ ಕೊನೆಗೆ ‘ಶಿಶುನಾಳಧೀಶ’ನನ್ನು ಕೂರಿಸಿ ರುಜು ಹಾಕಿದವರೇ. ಆದರೂ ಜಾತ್ರೆಯಲ್ಲಿ ಭಜನೆಯವರು ಹಾಡುವಾಗ ಯಾರೂ ರುಜು ಪರೀಕ್ಷಿಸುವುದಿಲ್ಲ. ನೀವು ಶಿಶುನಾಳಕ್ಕೆ ಅಷ್ಟು ಹತ್ತಿರದಲ್ಲಿದ್ದುಕೊಂಡು ಈ ಪ್ರಶ್ನೆ ಕೇಳಿದ್ದು ನನಗೆ ಸ್ವಲ್ಪ ತಮಾಷೆ ಎನಿಸಿತು!

ಸ್ಯಾಂಡಿಯ ಬದುಕಿನ ಜಗ್ಗಾಟವೂ ಇದೇ ಆಗಿತ್ತು. 1969ರ ಕೊನೆಗೆ ಫೇರ್‌ಪೋರ್ಟ್ ತಂಡ ‘ಲೀಜ್ ಆ್ಯಂಡ್ ಲೀಫ್’ ಹೊರತಂದಿತು. ಚೈಲ್ಡ್ ಸಂಗ್ರಹದ ‘ಮ್ಯಾಟಿ ಗ್ರೋವ್ಸ್’, ‘ಟ್ಯಾಮ್ ಲಿನ್’ ಲಾವಣಿಗಳಿಗೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ ಕೂಡಿಸಿದ ಆಲ್ಬಂ. ಅದು ಅಂಗಡಿಗೆ ಬರುವ ಹೊತ್ತಿಗೆ ಸ್ಯಾಂಡಿ ತಂಡ ಬಿಟ್ಟಾಗಿತ್ತು. ತಂಡದ ಒಲವು ಹಳೆಯ ಹಾಡುಗಳತ್ತ, ಆಕೆಗೆ ತನ್ನ ಹಾಡುಗಳನ್ನು ಹಾಡಬೇಕಿತ್ತು. ಈಗ ನೋಡಿ: 2006ರಲ್ಲಿ ರೇಡಿಯೋ 2ರ ಕೇಳುಗರು ಅತಿ ಹೆಚ್ಚು ಪ್ರಭಾವ ಬೀರಿದ ಫೋಕ್ ಆಲ್ಬಂ ಎಂದು ಆರಿಸಿದ್ದು ಇದೇ ‘ಲೀಜ್ ಆ್ಯಂಡ್ ಲೀಫ್’ ಅನ್ನು. ಮರುವರ್ಷ ಮೆಚ್ಚಿನ ಹಾಡೆಂದು ಆರಿಸಿದ್ದು ಆಕೆ ತಾನೇ ಬರೆದದ್ದನ್ನು. ಮೂವತ್ತೇಳು ವರ್ಷ ಹಳೆಯ ಜಗಳದಲ್ಲಿ ಕೇಳುಗರು ಎರಡೂ ಕಡೆಗೆ ಮತ ಹಾಕಿದರು. ನಮ್ಮ ಲೇಖನ ಎರಡನೆಯದನ್ನಷ್ಟೇ ಹೇಳಿ ಮೊದಲನೆಯದನ್ನು ಬಿಟ್ಟದ್ದಕ್ಕೆ ನನಗೆ ಬೇಸರವಿದೆ.

ಅನುಕಂಪದ ಅಲೆ? ಇರಬಹುದು, ಅಲ್ಲಗಳೆಯಲಾರೆ. 1978ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ವಯಸ್ಸು ಮೂವತ್ತೊಂದು. ಹೊತ್ತು ಹೋಗುವುದನ್ನು ಹಾಡಿದವಳಿಗೇ ಹೊತ್ತು ಇಲ್ಲವಾಯಿತು ಎಂಬುದು ಕಿವಿಯೊಳಗೆ ಕೂತ ಮೇಲೆ ಹಾಡು ಮೊದಲಿನಂತೆ ಕೇಳಿಸುವುದಿಲ್ಲ. ಆದರೆ ಬದುಕಿದ್ದಾಗಲೂ ಆಕೆಗೆ ಮತಗಳಿಗೆ ಬರವಿರಲಿಲ್ಲ. 1970 ಮತ್ತು 1971, ಎರಡೂ ವರ್ಷ ‘ಮೆಲೊಡಿ ಮೇಕರ್’ ಪತ್ರಿಕೆಯ ಓದುಗರು ಬ್ರಿಟನ್ನಿನ ಅತ್ಯುತ್ತಮ ಗಾಯಕಿ ಎಂದು ಆರಿಸಿದ್ದು ಆಕೆಯನ್ನೇ. 1971ರಲ್ಲೇ ಲೆಡ್ ಝೆಪ್ಪೆಲಿನ್ ತಂಡ ತಮ್ಮ ನಾಲ್ಕನೇ ಆಲ್ಬಂಗೆ ಕರೆಸಿ ಒಂದು ಹಾಡು ಹಾಡಿಸಿತು. ಆ ಆಲ್ಬಂ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಆಕೆಯದೇ ಹೆಸರಿನಲ್ಲಿ ಬಂದ ನಾಲ್ಕು ಆಲ್ಬಂಗಳಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಓಟು ಹಾಕಿದವರೆಲ್ಲ ದುಡ್ಡು ಕೊಟ್ಟು ಕೊಳ್ಳುವುದಿಲ್ಲ ಎಂಬುದು ನಮ್ಮಂಥ ಪತ್ರಿಕೆ ನಡೆಸುವವರಿಗೆ ಬೇರೆಯವರು ಹೇಳಿಕೊಡಬೇಕಾದ ಸಂಗತಿಯಲ್ಲ.

ನಿಮ್ಮ ಒತ್ತಾಯಕ್ಕೆ ‘ಫಾದರಿಂಗೇ’ಯನ್ನು ಎರಡು ಸಲ ಕೇಳಿದೆ. ಬಹಳ ಚೆನ್ನಾಗಿದೆ. ಆದರೂ ನನ್ನ ಚೀಟಿ ಹಕ್ಕಿಗಳ ಹಾಡಿಗೇ.

ಆ ಹಿರಿಯ ಜೋಡಿ ಸ್ಯಾಂಡಿಯ ತಂದೆ ತಾಯಿ. ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅವರ ಮನೆಯೆದುರು ‘ಅನ್‌ಹಾಫ್‌ಬ್ರಿಕಿಂಗ್’ಗಾಗಿ ತೆಗೆದ ಚಿತ್ರ ಅದು. ನಮ್ಮ ಅಚ್ಚಿನಲ್ಲಿ ಸಣ್ಣದಾಗಿದೆ, ಭೂತಗನ್ನಡಿ ಹಿಡಿದು ನೋಡಿ. ಅವರ ಹಿಂದಿನ ಬೇಲಿಯ ಸಂದಿಯಲ್ಲಿ, ತೋಟದೊಳಗೆ, ಮಗಳೂ ಅವಳ ತಂಡದವರೂ ಕೂತಿದ್ದಾರೆ.

– ಸಂ.