ನೇಪಾಳಕ್ಕೆ ಸೇವೆಗೆ ಹೊರಟ ಮಗಳು

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಮ್ಮದು ಬೆಟಗೇರಿ. ಮನೆಯವರು ಮಗ್ಗದ ಕೆಲಸ ಮಾಡ್ತಾರ. ಮಗಳು ಹುಬ್ಬಳ್ಳಿಯೊಳಗ ಬಿ.ಎಸ್‌ಸಿ. ನರ್ಸಿಂಗ್ ಎರಡನೇ ವರ್ಷ ಓದ್ತಾಳ. ರಜಾದಾಗ ನಮ್ಮ ಚರ್ಚಿನ ಸಭೆಯ ಯೌವನಸ್ಥರ ಜೋಡಿ ಹದಿನೈದು ದಿನ ನೇಪಾಳಕ್ಕ ಸೇವೆಗೆ ಹೋಗ್ತೀನಿ ಅಂತ ಹಟ ಹಿಡಿದಾಳ. ಆರೋಗ್ಯ ಶಿಬಿರ, ಮಕ್ಕಳಿಗೆ ವಿ.ಬಿ.ಎಸ್. (ರಜಾದಾಗಿನ ಬೈಬಲ್ ಶಾಲಿ), ಮನಿಮನಿಗೆ ಕರಪತ್ರ ಹಂಚೂದು, ಇಷ್ಟು ಕೆಲಸ ಅಂತ. ತಲೆಗೆ 28,000 ರೂಪಾಯಿ. ನಮ್ಮ ಮೈದುನ 'ಪಾಸ್‌ಪೋರ್ಟ್ ಬ್ಯಾಡ, ಆಧಾರ್ ಸಾಕು, ಕಳಸ್ರಿ' ಅಂತಾನ. ಕಳಸಬೇಕೋ ಬ್ಯಾಡೋ?
(ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಕಳಿಸಬಹುದು ತಂಗಿ. ಆದರೆ ನೀವು ಬರೆದ ಮೂರು ಕೆಲಸಗಳಲ್ಲಿ ಒಂದನ್ನು ಪೂರ್ತಿ ಬಿಡಿಸಿ, ಇನ್ನೊಂದನ್ನು ಅರ್ಧಕ್ಕೆ ಇಳಿಸಿ ಕಳಿಸಬೇಕು.

ಪೂರ್ತಿ ಬಿಡಬೇಕಾದದ್ದು ಕರಪತ್ರ. ಒಬ್ಬರನ್ನು ಇನ್ನೊಂದು ಧರ್ಮಕ್ಕೆ ಮತಾಂತರಿಸುವುದನ್ನು ನೇಪಾಳದ 2015ರ ಸಂವಿಧಾನದ 26ನೇ ವಿಧಿಯೇ ನಿಷೇಧಿಸಿದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಅಲ್ಲಿನ ದಂಡಸಂಹಿತೆಯಲ್ಲಿ ಇದಕ್ಕೆ 5 ವರ್ಷದವರೆಗೆ ಜೈಲು, ಅಲ್ಲಿಯ 50,000 ರೂಪಾಯಿವರೆಗೆ ದಂಡ. ಹೊರದೇಶದವರಾದರೆ ಶಿಕ್ಷೆ ಮುಗಿದ 7 ದಿನದೊಳಗೆ ಗಡಿ ದಾಟಿಸುತ್ತಾರೆ. 'ನಾವ್ಯಾರನ್ನೂ ಮತಾಂತರ ಮಾಡೂದಿಲ್ಲ, ಬರೇ ಹಂಚತೀವಿ' ಅಂತ ನಮ್ಮ ಹುಡುಗರು ವಾದ ಮಾಡಬಹುದು. ಆ ವಾದವನ್ನು ಅಲ್ಲಿಯ ಪೊಲೀಸರ ಮುಂದೆ ನೇಪಾಳಿಯಲ್ಲಿ ಮಾಡಲು ಬರಬೇಕಲ್ಲ! ಅದೂ ಹೋಗಲಿ. ಇವರು ಹದಿನೈದು ದಿನಕ್ಕೆ ರೈಲು ಹತ್ತಿ ಬಂದುಬಿಡುತ್ತಾರೆ, ಆಮೇಲೆ ಠಾಣೆಗೆ ಅಲೆಯುವವರು ಅಲ್ಲಿಯ ಸಭೆಯ ಪಾಲಕರು (ಪಾಸ್ಟರ್).

ಅರ್ಧಕ್ಕೆ ಇಳಿಸಬೇಕಾದದ್ದು ಆರೋಗ್ಯ ಶಿಬಿರ. ನಾನು ವಾರ್ಡ್ ಸಿಸ್ಟರ್ ಆಗಿದ್ದವಳು, ಈ ವಿಷಯದಲ್ಲಿ ಸ್ವಲ್ಪ ಜಿಗುಟು. ಎರಡನೇ ವರ್ಷದ ಹುಡುಗಿಗೆ ಕರ್ನಾಟಕದಲ್ಲೇ ಇನ್ನೂ ನರ್ಸ್ ಎಂದು ನೋಂದಣಿ ಇಲ್ಲ. ಇಲ್ಲಿ ಟ್ಯೂಟರ್ ಪಕ್ಕದಲ್ಲಿ ನಿಲ್ಲದೆ ಇಂಜೆಕ್ಷನ್ ಮುಟ್ಟಲು ಬಿಡದವಳನ್ನು ಗಡಿ ದಾಟಿದ ಕೂಡಲೇ ಬಿಟ್ಟರೆ ಅದು ಸೇವೆಯಲ್ಲ, ಬಡವರ ತೋಳಿನ ಮೇಲೆ ಅಭ್ಯಾಸ. ಮಾತ್ರೆ ಹಂಚುವುದೂ ಬೇಡ. ತೂಕ ನೋಡಲಿ, ಬಿ.ಪಿ. ಬರೆದುಕೊಳ್ಳಲಿ, ಓ.ಆರ್.ಎಸ್. ಕಲಸುವುದನ್ನು ತೋರಿಸಲಿ, ಅದೂ ಅಲ್ಲಿಯ ನರ್ಸ್ ಎದುರಿಗೆ.

ನಾನಿದ್ದ ಆಸ್ಪತ್ರೆಗೂ ಪರದೇಶದಿಂದ ವಿದ್ಯಾರ್ಥಿಗಳ ಗುಂಪು ಬರುತ್ತಿತ್ತು. ಬಹಳ ಮಂದಿ ಕಾಟಿನಿಂದ ಕಾಟಿಗೆ ಓಡಾಡಿ, ಬಾಣಂತಿಯರ ಕೂಸುಗಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು, ನಮಗೇ ಎರಡು ಪಟ್ಟು ಕೆಲಸ ಹಚ್ಚಿ ಹೋದರು. ಒಬ್ಬಳು ಮಾತ್ರ ಬೇರೆ. ಮೊದಲ ದಿನವೇ ಆಯಾನ ಪಕ್ಕ ನೆಲಕ್ಕೆ ಕೂತು ಗಾಜ್ ಬಟ್ಟೆ ಕತ್ತರಿಸಿ ಮಡಿಚತೊಡಗಿದಳು. ಮೂಲೆ ಸರಿ ಕೂಡದಿದ್ದರೆ ಆಯಾ ಕೈಮೇಲೆ ಮೆಲ್ಲಗೆ ಹೊಡೆಯುತ್ತಿದ್ದಳು, ಇವಳು ನಕ್ಕು ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ಹೊರಡುವ ಹೊತ್ತಿಗೆ 'ಅಜ್ಜೀ, ಉಂಡ್ರೀ?' ಎಂದು ಕೇಳುವಷ್ಟು ಕನ್ನಡ ಬಂದಿತ್ತು. ನಿಮ್ಮ ಮಗಳು ಹೋದರೆ ಹಾಗೆ ಹೋಗಲಿ.

ನಿಮ್ಮ ಬೆಟಗೇರಿಗೆ ಬಾಸೆಲ್ ಮಿಶನ್‌ನವರು 1841ರಲ್ಲಿ ಬಂದರು, ಧಾರವಾಡಕ್ಕೆ 1837ರಲ್ಲಿ. ಹದಿನೈದು ದಿನದ ಟಿಕೆಟ್ ತೆಗೆಸಿ ಬಂದವರಲ್ಲ ಅವರು. ಅವರ ಪೈಕಿ ಕಿಟೆಲ್ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಿಮ್ಮೂರಿನ ಜರ್ಮನ್ ಆಸ್ಪತ್ರೆಯ ಹಾಗೆ ನೇಪಾಳದ ತಾನ್ಸೇನ್‌ನಲ್ಲೂ ಮಿಶನ್ ಆಸ್ಪತ್ರೆಯಿದೆ. ಅದನ್ನು ನಡೆಸುವ, 1954ರಲ್ಲಿ ಹುಟ್ಟಿದ ಯುನೈಟೆಡ್ ಮಿಶನ್ ಟು ನೇಪಾಳ ಎಂಬ ಕ್ರೈಸ್ತ ಸಂಸ್ಥೆ ಅಲ್ಲಿಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡೇ, ಅದರ ಷರತ್ತಿನೊಳಗೇ ಕೆಲಸ ಮಾಡುತ್ತಾ ಬಂದಿದೆ. ಕಾಯಿದೆ ಒಪ್ಪಿಕೊಂಡು ಸೇವೆ ಮಾಡಿದರೆ ದೇವರ ಮೇಲಿನ ವಿಶ್ವಾಸ ಕಡಿಮೆಯಾಯಿತು ಅಂತಲ್ಲ, ಇದನ್ನು ಮಗಳಿಗೆ ಹೇಳಿ.

ವಿ.ಬಿ.ಎಸ್. ವಿಷಯ ಹಗುರ. ಅಲ್ಲಿಯ ಸಭೆಯವರು ತಮ್ಮ ಮಕ್ಕಳಿಗೆ ನಡೆಸುತ್ತಿದ್ದರೆ ಇವಳು ಹಿಂದೆ ನಿಂತು ಬಣ್ಣದ ಕಾಗದ ಕತ್ತರಿಸಿಕೊಡಲಿ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹೆಚ್ಚಿನ ಸಭೆಗಳು ಕೂಡುವುದೂ ಅಂದೇ. ರವಿವಾರ ಆರಾಧನೆ ಅಂದುಕೊಂಡು ಕಾರ್ಯಕ್ರಮ ಬರೆದಿದ್ದರೆ ಅಲ್ಲಿಯವರನ್ನು ಯಾರೂ ಕೇಳಿಲ್ಲ ಅಂತಲೇ ಅರ್ಥ.

ಮೈದುನನ ಮಾತಿಗೆ ಬರೋಣ. ವೀಸಾ ಬೇಡ, ಅಷ್ಟು ನಿಜ. ಆಧಾರ್ ಮಾತ್ರ ನಡೆಯುವುದಿಲ್ಲ. ಈ ವಯಸ್ಸಿನವರಿಗೆ ಪಾಸ್‌ಪೋರ್ಟ್ ಬೇಕು, ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಹೇಗೂ ನರ್ಸಿಂಗ್ ಓದುವ ಹುಡುಗಿ, ಮುಂದೆ ಬೇಕಾಗುವುದೇ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಈಗಲೇ ಮಾಡಿಸಿಬಿಡಿ. ಖರ್ಚಿಗೆ ನೂರರ ನೋಟುಗಳನ್ನೇ ಹೆಚ್ಚು ಕೊಟ್ಟು ಕಳಿಸಿ, ನಮ್ಮ 100 ರೂಪಾಯಿ ಅಂದರೆ ಅಲ್ಲಿಯ 160 ರೂಪಾಯಿ. ಮಳೆಗಾಲ ಹಿಡಿದ ಮೇಲೆ ಹೊರಡುವುದಾದರೆ ಒಪ್ಪಬೇಡಿ, ಗುಡ್ಡ ಕುಸಿದು ರಸ್ತೆ ಕಟ್ಟುತ್ತದೆ.

28,000 ಕೊಡುವ ಮೊದಲು ನಿಮ್ಮ ಸಭೆಯ ಅಯ್ಯನವರ ಹತ್ತಿರ ಹೋಗಿ ಎರಡು ಮಾತು ಕೇಳಿ. ಇವರನ್ನು ಬನ್ನಿ ಎಂದು ಕರೆದ ನೇಪಾಳದ ಸಭೆ ಯಾವುದು, ಪತ್ರ ಎಲ್ಲಿದೆ? ರೈಲು, ಬಸ್ಸು, ಊಟ ಕಳೆದು ಆ ಸಭೆಗೆ ಉಳಿಯುವುದು ಎಷ್ಟು? ಪತ್ರ ತೋರಿಸಿ ಲೆಕ್ಕ ಹೇಳಿದರೆ ಸಂತೋಷದಿಂದ ಕಳಿಸಿ. 'ಅಲ್ಲಿ ಹೋದ ಮೇಲೆ ನೋಡೋಣ' ಅಂದರೆ ಈ ವರ್ಷ ಬೇಡ. ಮಗಳು ಮುಖ ಊದಿಸಿಕೊಂಡರೆ ನನ್ನ ಹೆಸರು ಹೇಳಿ, ಬೈಸಿಕೊಂಡು ರೂಢಿಯಿದೆ ನನಗೆ.