ಸೇರನ್ನೂ ಮೊಳವನ್ನೂ ಕೂಡಿಸಬೇಡಿ

ಮಾನ್ಯರೆ,

ಕಾಡಿನ ಮರಗಳ ವೈವಿಧ್ಯ ಅಳೆಯಲು ಶ್ಯಾನನ್, ಸಿಂಪ್ಸನ್ ಸೂಚ್ಯಂಕಗಳ ಸರಾಸರಿ ತೆಗೆದು ‘ಸಂಯುಕ್ತ ಸೂಚ್ಯಂಕ’ ಕಟ್ಟಿರುವ ನಿಮ್ಮ ಲೇಖನ ಓದಿದೆವು. ಶ್ಯಾನನ್ ಎಂದರೆ ಪ್ರತಿ ಜಾತಿಯ ಪಾಲನ್ನು ಅದರ ಲಾಗ್‌ನಿಂದ ಗುಣಿಸಿ, ಕೂಡಿಸಿ, ಚಿಹ್ನೆ ಬದಲಿಸಿದ್ದು. ಸಿಂಪ್ಸನ್ ಎಂದರೆ ಕಣ್ಣುಮುಚ್ಚಿ ಆರಿಸಿದ ಎರಡು ಮರಗಳು ಬೇರೆ ಬೇರೆ ಜಾತಿಯವಾಗುವ ಸಂಭವನೀಯತೆ, ಅಂದರೆ 1ರಿಂದ ಪಾಲುಗಳ ವರ್ಗಗಳ ಮೊತ್ತ ಕಳೆದದ್ದು. ಬರವಣಿಗೆ ಸಲೀಸಾಗಿದೆ. ಆದರೆ ಲೆಕ್ಕ ನಿಲ್ಲುವುದಿಲ್ಲ, ಹಾಗಾಗಿ ಈಗಿರುವಂತೆ ಪ್ರಕಟಿಸಲಾರೆವು.

ಒಂದು ತಾಕಿನಲ್ಲಿ 10 ಜಾತಿ, ಇನ್ನೊಂದರಲ್ಲಿ 20, ಎಲ್ಲವೂ ಸಮಪಾಲು ಎಂದಿಟ್ಟುಕೊಳ್ಳಿ. ಅಳತೆ ಇಮ್ಮಡಿಯಾಗಬೇಕು. ಸಿಂಪ್ಸನ್ 0.90ರಿಂದ 0.95ಕ್ಕೆ ಮಾತ್ರ ಏರುತ್ತದೆ, ಶ್ಯಾನನ್ 2.30ರಿಂದ 3.00ಕ್ಕೆ. ನಿಮ್ಮದು 1.60ರಿಂದ 1.97ಕ್ಕೆ, ಅಂದರೆ ಶೇ 23. ಲಾಗ್‌ನ ಆಧಾರವನ್ನು 2 ಮಾಡಿದರೆ ಅದೇ ಏರಿಕೆ ಶೇ 25! ಕಾಡು ಬದಲಾಗಲಿಲ್ಲ, ಕ್ಯಾಲ್ಕುಲೇಟರಿನ ಗುಂಡಿ ಬದಲಾಯಿತು. ಒಂದು ಲಾಗ್, ಇನ್ನೊಂದು ಸಂಭವನೀಯತೆ. ಕೂಡಿಸಿ ಎರಡರಿಂದ ಭಾಗಿಸಿದರೆ ಯಾವ ಮಾನವೂ ಉಳಿಯುವುದಿಲ್ಲ.

ಪರಿಸರವಿಜ್ಞಾನಿ ಹಿಲ್ 1973ರಲ್ಲೇ ದಾರಿ ತೋರಿಸಿದ್ದಾರೆ: ಎಲ್ಲವನ್ನೂ ‘ಪರಿಣಾಮಕ ಜಾತಿಸಂಖ್ಯೆ’ಗೆ, ಅಂದರೆ ಅದೇ ಮೌಲ್ಯ ಕೊಡುವ ಸಮಪಾಲಿನ ಜಾತಿಗಳ ಸಂಖ್ಯೆಗೆ ತಿರುಗಿಸಿ. ನಿಮ್ಮ ಎರಡನೇ ತಾಕಿನ 50, 30, 10, 10 ಮರಗಳನ್ನೇ ತೆಗೆದುಕೊಳ್ಳಿ. ಬರೀ ಎಣಿಕೆ 4. ಶ್ಯಾನನ್ ಮೌಲ್ಯ 1.168ನ್ನು e ಮೇಲಿನ ಘಾತವಾಗಿಸಿದರೆ 3.22. ಪಾಲುಗಳ ವರ್ಗಗಳ ಮೊತ್ತ 0.36, ಅದರ ವಿಲೋಮ 2.78. ಈ ಇಳಿತವೇ ಒಂದು ಜಾತಿಯ ಮೇಲುಗೈಯನ್ನು ಹೇಳುತ್ತದೆ. ಸರಾಸರಿ ತೆಗೆದರೆ ಅದೇ ಅಳಿಸಿಹೋಗುತ್ತದೆ. ಮಾರುಕಟ್ಟೆ ಕೇಂದ್ರೀಕರಣ ಅಳೆಯುವವರ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕವೂ ಈ ವರ್ಗಮೊತ್ತವೇ, ಪಾಲುಗಳನ್ನು ಶೇಕಡಾದಲ್ಲಿ ಬರೆದರೆ 3600. ಅಮೆರಿಕದ 2023ರ ವಿಲೀನ ಮಾರ್ಗಸೂಚಿಯ 1800ರ ಗೆರೆ (ಇದನ್ನು ದಾಟಿದರೆ ಮಾರುಕಟ್ಟೆ ಅತಿ ಕೇಂದ್ರೀಕೃತ) ಎಂದರೆ ಸುಮಾರು ಐದೂವರೆ ಸಮಬಲದ ಕಂಪನಿಗಳು. ಓದುಗರಿಗೆ ಅರ್ಥವಾಗುವುದು ಹೀಗೆ ಹೇಳಿದಾಗ.

ಮೂರನೇ ತಾಕಿನಲ್ಲಿ ಇರುವುದೇ 10 ಮರ: 5, 3, 1, 1. ಪಾಲು ಅವೇ ಎಂದು ವರ್ಗಮೊತ್ತ 0.36 ಬರೆದಿದ್ದೀರಿ, ಅಂದರೆ ಆರಿಸಿದ ಎರಡು ಮರಗಳು ಒಂದೇ ಜಾತಿಯವಾಗುವ ಸಂಭವನೀಯತೆ. ಪ್ರತಿ ಮರ ತನ್ನ ಜೊತೆ ತಾನೇ ಜೋಡಿಯಾಗುವುದನ್ನೂ ಇದು ಎಣಿಸುತ್ತದೆ. ಒಂದು ಜಾತಿಯ ಮರಗಳ ಸಂಖ್ಯೆ n ಆದರೆ, n(n−1)ಗಳ ಮೊತ್ತ 26, ಅದನ್ನು 10×9 = 90ರಿಂದ ಭಾಗಿಸಿ: 0.289. ನೂರು ಮರಗಳಿದ್ದರೆ ಈ ತಿದ್ದುಪಡಿ 0.354ಕ್ಕೆ ನಿಲ್ಲುತ್ತದೆ, ಹತ್ತೇ ಇದ್ದಾಗ ಮುಳುಗಿಸುತ್ತದೆ.

ಇನ್ನೊಂದು. ಮತ್ತಿ, ಹೊಳೆಮತ್ತಿ, ತಾರೆ ಮೂರೂ ಟರ್ಮಿನೇಲಿಯ ಕುಲದವು. ಇವನ್ನು ತೇಗ, ಬೀಟೆ, ಮಾವುಗಳಷ್ಟೇ ಭಿನ್ನ ಎಂದು ಎಣಿಸುವುದು ನಿಮಗೆ ಒಪ್ಪಿಗೆಯೆ? ಇಲ್ಲವಾದರೆ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ವರ್ಗಾತ್ಮಕ ಎಂಟ್ರೊಪಿ ನೋಡಿ: ಪ್ರತಿ ಜೋಡಿಯ ಪಾಲುಗಳ ಗುಣಲಬ್ಧವನ್ನು ಅವುಗಳ ನಡುವಿನ ಅಂತರದಿಂದ ಗುಣಿಸಿ ಕೂಡಿಸುವುದು. ಅಂತರ ಹೇಗೆ ನಿಗದಿ ಮಾಡಿದಿರಿ ಎಂಬುದನ್ನು ಮಾತ್ರ ಲೇಖನದಲ್ಲೇ ಹೇಳಬೇಕು.

ತಿದ್ದಿ ಕಳಿಸುವಾಗ ಪ್ರತಿ ತಾಕಿನ ಮೂಲ ಎಣಿಕೆ ಇರಲಿ. ಬರೀ ಶೇಕಡಾ ಕೊಟ್ಟರೆ ನಾವು ಪರಿಶೀಲಿಸಲಾಗದು.

— ಸಂ.